ಚಿಮಣಿ ಹತ್ತಿ, ಬಿಲ್ ಓದಿ: ಸಸ್ಟೈನಬಿಲಿಟಿ ಕೆಲಸಕ್ಕೆ ನಾನು ಬಂದ ದಾರಿ

"ಏನ್ ಕೆಲ್ಸನಮ್ಮಾ ನಿಂದು?" ಅಂತ ಊರಲ್ಲಿ ಯಾರಾದರೂ ಕೇಳಿದರೆ "ಫ್ಯಾಕ್ಟರಿಗಳ ಕರೆಂಟ್ ಬಿಲ್ ಓದ್ತೀನಿ" ಅಂತೀನಿ. ನಗ್ತಾರೆ. ಆದರೆ ನನ್ನ ದುಡಿಮೆಯ ದೊಡ್ಡ ಪಾಲು ನಿಜಕ್ಕೂ ಅದೇ. ಕಂಪನಿಗಳಿಂದ ಪರಿಸರಕ್ಕೆ ಬೀಳುವ ಹೊರೆಯನ್ನು ಲೆಕ್ಕ ಹಾಕುವ ಈ ಸಸ್ಟೈನಬಿಲಿಟಿ ಕ್ಷೇತ್ರಕ್ಕೆ ಬರಬೇಕು ಅಂತ ಈಚೆಗೆ ತುಂಬಾ ಹುಡುಗ ಹುಡುಗಿಯರು ಫೋನ್ ಮಾಡುತ್ತಾರೆ. ಅವರ ತಲೆಯಲ್ಲಿ ಪಶ್ಚಿಮಘಟ್ಟ, ಹುಲಿ, ಪ್ಯಾರಿಸ್ ಒಪ್ಪಂದ. ನಾನು ಹೇಳುವುದು ಪೀಣ್ಯದ ಸ್ಟೋರ್ ರೂಮಿನ ಕಥೆ.

ಓದಿದ್ದು ಮೈಸೂರಿನ ಎಸ್‌ಜೆಸಿಇಯಲ್ಲಿ, ಎನ್ವಿರಾನ್‌ಮೆಂಟಲ್ ಎಂಜಿನಿಯರಿಂಗ್. "ಬೇರೆ ಸೀಟ್ ಸಿಗಲಿಲ್ವಾ?" ಅಂತ ನೆಂಟರು ಕೇಳುತ್ತಿದ್ದ ಬ್ರಾಂಚ್ ಅದು. ಮೊದಲ ಕೆಲಸ ಟೆಸ್ಟಿಂಗ್ ಲ್ಯಾಬ್‌ನಲ್ಲಿ. ಬಾಯ್ಲರ್ ಚಿಮಣಿ ಹತ್ತಿ ಹೊಗೆಯ ಸ್ಯಾಂಪಲ್ ತೆಗೆಯಬೇಕು, ಇಟಿಪಿಯ (ಕಾರ್ಖಾನೆಯ ಕೊಳಕು ನೀರು ಶುದ್ಧಮಾಡುವ ಘಟಕದ) ಔಟ್‌ಲೆಟ್‌ನಲ್ಲಿ ಬಾಟಲಿ ತುಂಬಿ ಐಸ್ ಬಾಕ್ಸ್‌ಗೆ ಹಾಕಬೇಕು, ಟೆರೇಸ್ ಮೇಲೆ ಧೂಳು ಅಳೆಯುವ ಯಂತ್ರ ಇಟ್ಟು ಎಂಟೆಂಟು ಗಂಟೆಗೆ ಫಿಲ್ಟರ್ ಬದಲಿಸಬೇಕು. ಸಂಬಳ ಹೇಳಿಕೊಳ್ಳುವ ಹಾಗಿರಲಿಲ್ಲ. ಆದರೂ ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ. ಸ್ಯಾಂಪಲ್ ತೆಗೆಯುವ ದಿನವೇ ಬಾಯ್ಲರ್ ಅರ್ಧ ಲೋಡ್‌ನಲ್ಲಿ ಓಡುತ್ತಿತ್ತು ಅನ್ನೋದು ವರದಿಯಲ್ಲಿ ಕಾಣಿಸುವುದಿಲ್ಲ, ಚಿಮಣಿ ಹತ್ತಿದವರಿಗೆ ಕಾಣಿಸುತ್ತದೆ.

ಅಲ್ಲಿಂದ ಇಐಎ, ಅಂದರೆ ಹೊಸ ಯೋಜನೆಯಿಂದ ಪರಿಸರದ ಮೇಲಾಗುವ ಪರಿಣಾಮದ ಅಧ್ಯಯನ, ಮಾಡುವ ಕನ್ಸಲ್ಟೆನ್ಸಿಗೆ ಹೋದೆ. 2006ರ ಇಐಎ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗಳಿಗೆ ಅನುಮತಿ ಸಿಗುವ ಮೊದಲು ಸಾರ್ವಜನಿಕ ಆಲಿಕೆ ನಡೆಯಬೇಕು. ಕನಿಷ್ಠ 30 ದಿನದ ನೋಟಿಸ್, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ, ಅಧ್ಯಕ್ಷತೆ ಡಿಸಿ ಅಥವಾ ಅವರು ಕಳಿಸಿದ ಅಧಿಕಾರಿಯದು. ಬಾಗಲಕೋಟೆ ಕಡೆಯ ಒಂದು ಸಕ್ಕರೆ ಕಾರ್ಖಾನೆ ಡಿಸ್ಟಿಲರಿ ಹಾಕಲು ಹೊರಟಿತ್ತು. ಶಾಮಿಯಾನದ ಕೆಳಗೆ ನಮ್ಮವರು ನೀರಿನ ಪರೀಕ್ಷೆಯ ಅಂಕಿಗಳನ್ನು ಓದಿ ಮುಗಿಸುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ರೈತರು ಎದ್ದು, "ಮಳಿಗಾಲದಾಗ ಯಾಕ ನೀರ ತಗೀಲಿಲ್ರಿ? ನಮ್ಮ ಹಳ್ಳದ ನೀರಿಗೆ ಬಣ್ಣ ಬರೂದ ಆವಾಗ" ಅಂದರು. ನಿಯಮದ ಪ್ರಕಾರ ಮಳೆಗಾಲ ಬಿಟ್ಟು ಉಳಿದ ಒಂದು ಋತುವಿನ ಮಾಹಿತಿ ಇದ್ದರೆ ಸಾಕು, ಹಾಗಾಗಿ ನಮ್ಮದು ತಪ್ಪಲ್ಲ. ಆದರೆ ಅವರ ಪ್ರಶ್ನೆಗೆ ನಮ್ಮ ದಪ್ಪ ವರದಿಯಲ್ಲಿ ಉತ್ತರವೂ ಇರಲಿಲ್ಲ. ಪಾಲಿಸಿ, ಅಂದರೆ ಸರ್ಕಾರದ ನೀತಿ ನಿಯಮ, ಅನ್ನುವ ವಸ್ತುವಿನಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಆ ಪ್ರಶ್ನೆಯಿಂದ.

ಮಾರುಕಟ್ಟೆ ತಿರುಗಿದ್ದು 2021ರಲ್ಲಿ. ಷೇರುಪೇಟೆಯ ಅಗ್ರ 1,000 ಕಂಪನಿಗಳು ಬಿಆರ್‌ಎಸ್‌ಆರ್ ಎಂಬ ಪರಿಸರ, ಸಾಮಾಜಿಕ ಹೊಣೆಗಾರಿಕೆಯ ವರದಿ ಕೊಡಬೇಕು ಅಂತ ಷೇರುಪೇಟೆಯ ನಿಯಂತ್ರಕ ಸೆಬಿ ಹೇಳಿತು, 2022-23ರಿಂದ ಅದು ಕಡ್ಡಾಯವಾಯಿತು. 2023ರ ಅಕ್ಟೋಬರ್‌ನಿಂದ ಯುರೋಪಿನ ಗಡಿ ಇಂಗಾಲ ನಿಯಮ (ಆಮದಾಗುವ ಮಾಲಿನ ತಯಾರಿಕೆಯಲ್ಲಿ ಹೊರಬಿದ್ದ ಇಂಗಾಲದ ಲೆಕ್ಕ ಕೊಡಬೇಕು ಅನ್ನುವುದು) ಶುರುವಾದ ಮೇಲೆ ಅಲ್ಲಿಗೆ ಬೋಲ್ಟು ನಟ್ಟು ಕಳಿಸುವ ಸಣ್ಣ ಘಟಕದ ಮಾಲೀಕರೂ "ಕಾರ್ಬನ್ ಲೆಕ್ಕ ಹಾಕಿಕೊಡಿ ಮೇಡಂ" ಅಂತ ಬರತೊಡಗಿದರು.

ಲೆಕ್ಕ ಕಷ್ಟದ್ದಲ್ಲ. ಗ್ರಿಡ್‌ನ ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್, ಒಂದು ಲೀಟರ್ ಡೀಸೆಲ್‌ಗೆ ಸುಮಾರು 2.7 ಕೆಜಿ. ಗುಣಾಕಾರ ಎಕ್ಸೆಲ್ ಮಾಡುತ್ತದೆ. ಕಷ್ಟ ಇರುವುದು ಗುಣಿಸಬೇಕಾದ ಅಂಕಿಯನ್ನು ಹುಡುಕುವುದರಲ್ಲಿ. ನೆಲಮಂಗಲದ ಹತ್ತಿರದ ಒಂದು ಕಾರ್ಖಾನೆಯವರು ಎಸಿ ಗ್ಯಾಸ್ ಸೋರಿಕೆ ಸೊನ್ನೆ ಅಂತ ಬರೆದುಕೊಟ್ಟಿದ್ದರು. "ಎಲ್ಲಾ ಎಎಂಸಿ, ವಾರ್ಷಿಕ ನಿರ್ವಹಣೆಯ ಒಪ್ಪಂದದಲ್ಲಿದೆ ಮೇಡಂ, ನಮಗೆ ಖರ್ಚೇ ಇಲ್ಲ" ಅಂದರು ಅಡ್ಮಿನ್‌ನವರು. ಖರ್ಚು ಇಲ್ಲ ಅಂದರೆ ಸೋರಿಕೆ ಇಲ್ಲ ಅಂತಲ್ಲವಲ್ಲ. ಚಿಲ್ಲರ್ ಶೆಡ್ಡಿನ ಹಿಂದೆ ಹೋಗಿ ನೋಡಿದರೆ ಗುಲಾಬಿ ಬಣ್ಣದ ಖಾಲಿ ಸಿಲಿಂಡರ್‌ಗಳು, ಆರ್-410ಎ ಅನ್ನುವ ಎಸಿ ಗ್ಯಾಸಿನವು. "ಅಣ್ಣಾ, ಎಷ್ಟು ತುಂಬಿದ್ರಿ?" ಅಂತ ಮೆಕ್ಯಾನಿಕ್‌ನ ಕೇಳಿದೆ. ಆತ ಜೇಬಿನಿಂದ ಸರ್ವೀಸ್ ಸ್ಲಿಪ್ಪಿನ ಪುಸ್ತಕ ತೆಗೆದು ತಾರೀಖು, ತೂಕ ಸಮೇತ ತೋರಿಸಿದ. ಹಳೆ ಮೆಷಿನ್‌ಗೆ ತುಂಬಿದ್ದಷ್ಟೂ ಅದಕ್ಕೆ ಮೊದಲು ಸೋರಿಹೋದದ್ದೇ. ಆ ಅನಿಲಕ್ಕೆ ಭೂಮಿಯನ್ನು ಬಿಸಿಮಾಡುವ ಶಕ್ತಿ ಇಂಗಾಲದ ಡೈಆಕ್ಸೈಡ್‌ಗಿಂತ ಎರಡು ಸಾವಿರ ಪಟ್ಟು ಹೆಚ್ಚು. ಹತ್ತು ಕೆಜಿ ಸೋರಿದರೆ ಸುಮಾರು 21 ಟನ್, ಅಂದರೆ ಏಳೂವರೆ ಸಾವಿರ ಲೀಟರ್‌ಗೂ ಮೀರಿ ಡೀಸೆಲ್ ಸುಟ್ಟ ಲೆಕ್ಕ.

ಇನ್ನೊಂದು ಕಡೆ ಕಣ್ಣಿಡಬೇಕು, ತೀವ್ರತೆಯ ಅಂಕಿಯ ಮೇಲೆ. ಬಿಆರ್‌ಎಸ್‌ಆರ್‌ನಲ್ಲಿ ವಹಿವಾಟಿನ ಪ್ರತಿ ರೂಪಾಯಿಗೆ ಎಷ್ಟು ಹೊರಸೂಸುವಿಕೆ ಅಂತ ಕೊಡಬೇಕು. ಮಾಲಿನ ಬೆಲೆ ಏರಿದ ವರ್ಷ ವಹಿವಾಟು ತಾನಾಗಿ ಉಬ್ಬುತ್ತದೆ, ತೀವ್ರತೆ ತಾನಾಗಿ ಇಳಿಯುತ್ತದೆ. ಒಂದು ಬಲ್ಬನ್ನೂ ಬದಲಿಸದೆ "ಸಾಧನೆ" ಸಿದ್ಧ. "ಹೋದ ವರ್ಷಕ್ಕಿಂತ ಐದು ಪರ್ಸೆಂಟ್ ಕಮ್ಮಿ ಬರೋ ಹಾಗೆ ನೋಡಿ" ಅಂತ ನೇರವಾಗಿ ಕೇಳಿದ ಗ್ರಾಹಕರೂ ಇದ್ದಾರೆ. ನಾನು ಜಗಳಕ್ಕೆ ಹೋಗುವುದಿಲ್ಲ. ಟನ್ ಉತ್ಪನ್ನದ ಲೆಕ್ಕದ ಅಂಕಿಯನ್ನೂ ಪಕ್ಕದಲ್ಲಿಟ್ಟು ಎರಡನ್ನೂ ಇಮೇಲ್‌ನಲ್ಲಿ ಕಳಿಸುತ್ತೇನೆ. ಮುಖ್ಯ ಅಂಕಿಗಳನ್ನು ಹೊರಗಿನವರಿಂದ ಪರಿಶೀಲನೆ ಮಾಡಿಸುವ ನಿಯಮ 2023ರಲ್ಲಿ, ಮೊದಲಿಗೆ ಅಗ್ರ 150 ಕಂಪನಿಗಳಿಗೆ, ಬಂದ ಮೇಲೆ ಇಂಥ ಮಾತು ಕಮ್ಮಿಯಾಗಿದೆ. ಹೀಗೆ ಕೇಳಿದವರಲ್ಲಿ ಒಬ್ಬರು ಮಾರನೇ ವರ್ಷ ನಮ್ಮನ್ನು ಕರೆಯಲಿಲ್ಲ, ಅದಿರಲಿ.

ಪಾಲಿಸಿ ಕಡೆ ಹೋಗುವವರಿಗೆ ದಾರಿ ಬೇರೆ. ಬೆಂಗಳೂರಿನಲ್ಲೇ ಎಂಪ್ರಿ, ಸಿಸ್ಟೆಪ್, ಏಟ್ರೀ ಎಂಬ ಸಂಶೋಧನಾ ಸಂಸ್ಥೆಗಳಿವೆ. ರಾಜ್ಯದ ಹವಾಮಾನ ಕ್ರಿಯಾಯೋಜನೆ ತಯಾರಾಗಿದ್ದು ಎಂಪ್ರಿಯಲ್ಲಿ. ಸಂಬಳ ನಮಗಿಂತ ಕಮ್ಮಿ ಅಂತ ಆ ಕಡೆ ಇರುವ ಗೆಳತಿ ಗೊಣಗುತ್ತಾಳೆ, ಬರೆದದ್ದು ಆದೇಶವಾಗಲು ವರ್ಷಗಳು ಬೇಕು ಅಂತಲೂ. ಆದರೆ ಆ ಕಡೆ ಕನ್ನಡದಲ್ಲಿ ಬಿಗಿಯಾಗಿ ಬರೆಯಬಲ್ಲವರ ಕೊರತೆ ಬಹಳ. 2020ರ ಇಐಎ ಕರಡು ಜನರಿಗೆ ಗೊತ್ತಿರುವ ಭಾಷೆಯಲ್ಲಿ ಬಂದಿಲ್ಲ ಅನ್ನುವ ತಕರಾರು ನಮ್ಮ ಹೈಕೋರ್ಟ್‌ವರೆಗೂ ಹೋಗಿತ್ತು.

ಯಾವ ಸರ್ಟಿಫಿಕೇಟ್ ಮಾಡಲಿ ಅನ್ನುವುದು ಎಲ್ಲರ ಮೊದಲ ಪ್ರಶ್ನೆ. ಜಿಆರ್‌ಐ, ಐಎಸ್‌ಒ 14064 ಮುಂತಾದ ವರದಿ, ಇಂಗಾಲ ಲೆಕ್ಕದ ಮಾನದಂಡಗಳ ಕೋರ್ಸ್ ಎಲ್ಲ ಆಮೇಲೆ ಆಗುತ್ತದೆ, ಕೈಯಿಂದ ದುಡ್ಡು ಹಾಕಿ ಈಗಲೇ ಮಾಡಬೇಡಿ. ಯಾವುದಾದರೂ ಸಿಮೆಂಟ್ ಅಥವಾ ಗಾರ್ಮೆಂಟ್ ಕಂಪನಿಯ ಎರಡು ವರ್ಷದ ವಾರ್ಷಿಕ ವರದಿ ಇಳಿಸಿಕೊಳ್ಳಿ, ಪುಕ್ಕಟೆ ಸಿಗುತ್ತದೆ. ಬಿಆರ್‌ಎಸ್‌ಆರ್‌ನ ಒಂಬತ್ತು ತತ್ವಗಳಲ್ಲಿ ಆರನೆಯದು ಪರಿಸರ. ಅದನ್ನು ಮಾತ್ರ ಅಕ್ಕಪಕ್ಕ ಇಟ್ಟು ಓದಿ. ಹೋದ ವರ್ಷದ ನೀರಿನ ಅಂಕಿ ಈ ವರ್ಷದ ವರದಿಯಲ್ಲಿ ಬದಲಾಗಿದೆಯಾ? ಟ್ಯಾಂಕರ್ ನೀರು ಎಲ್ಲಿ ಸೇರಿದೆ? ಪವನ ವಿದ್ಯುತ್ ಬಳಸಿದ್ದೇವೆ ಅಂದವರು ಅದರ ಹಸಿರು ಪ್ರಮಾಣಪತ್ರವನ್ನು, ಅಂದರೆ ಅದು ಹಸಿರು ಅಂತ ಹೇಳಿಕೊಳ್ಳುವ ಹಕ್ಕನ್ನೇ, ಬೇರೆಯವರಿಗೆ ಮಾರಿದ್ದಾರಾ? ಕಂಡದ್ದನ್ನು ಎರಡು ಪುಟದಲ್ಲಿ ಬರೆಯಿರಿ.

ಅರ್ಜಿ ಹಾಕಲು ಜನವರಿ, ಫೆಬ್ರವರಿ ಒಳ್ಳೆಯ ಸಮಯ. ಏಪ್ರಿಲ್‌ನಿಂದ ವರದಿಗಳ ಸುಗ್ಗಿ, ಆಗ ಸಂದರ್ಶನ ಮಾಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ರೆಸ್ಯೂಮೆ ಜೊತೆ ಆ ಎರಡು ಪುಟ ಲಗತ್ತಿಸಿದರೆ ನಾನಂತೂ ಮೊದಲು ಅದನ್ನೇ ತೆರೆಯುತ್ತೇನೆ.