ಆಕ್ಸಾನ್‌ನೊಳಗೆ ಲೈಸೊಸೋಮ್‌ಗಳ ಓಡಾಟ ಅಳೆಯುವ ಕ್ರಮ

ನ್ಯೂರಾನ್‌ನ (ನರಕೋಶದ) ಪ್ರೋಟೀನ್‌ಗಳು ಬಹುಪಾಲು ತಯಾರಾಗುವುದು ಕೋಶಕಾಯದಲ್ಲಿ, ಬೇಕಾಗುವುದು ಅದರಿಂದ ಹೊರಡುವ ಉದ್ದನೆಯ ಎಳೆಯಾದ ಆಕ್ಸಾನ್‌ನ ತುದಿಯಲ್ಲಿ. ಸರಕು ಹೊರುವ ಮೋಟಾರ್ ಪ್ರೋಟೀನ್‌ಗಳಲ್ಲಿ ಕೈನೆಸಿನ್ ಅದನ್ನು ತುದಿಯ ಕಡೆಗೆ ಒಯ್ಯುತ್ತದೆ, ಡೈನೀನ್ ಕೋಶಕಾಯದ ಕಡೆಗೆ ತರುತ್ತದೆ. ಇಲ್ಲಿ ಅಳೆಯುವ ಸರಕು ಲೈಸೊಸೋಮ್, ಅಂದರೆ ಕೋಶದ ಕಸ ಕರಗಿಸುವ ಆಮ್ಲೀಯ ಚೀಲ. ಈ ಸಾಗಾಟ ಕೆಟ್ಟರೆ ಬರುವ ನರರೋಗಗಳನ್ನು ಅಧ್ಯಯನ ಮಾಡುವವರು ಮೊದಲು ಕಲಿಯಬೇಕಾದದ್ದು, ಆರೋಗ್ಯವಾಗಿರುವ ನ್ಯೂರಾನ್‌ನಲ್ಲಿ ಸಾಗಾಟವನ್ನು ಸರಿಯಾಗಿ ಅಳೆಯುವುದು. ವೇಗ ಕಡಿಮೆ ಕಂಡ ಕೂಡಲೇ ತಪ್ಪು ಜೀನ್‌ನದೇ ಎನ್ನಬಾರದು. ತಪ್ಪು ತಟ್ಟೆಯದೋ ಬೆಳಕಿನದೋ ಇರಬಹುದು.

18 ದಿನದ ಇಲಿ ಭ್ರೂಣದ ಹಿಪೊಕ್ಯಾಂಪಸ್ (ಮೆದುಳಿನ ಒಂದು ಭಾಗ) ನ್ಯೂರಾನ್‌ಗಳು ಈ ಕೆಲಸಕ್ಕೆ ಒಗ್ಗಿಬರುತ್ತವೆ. ತಳದಲ್ಲಿ 0.17 ಮಿ.ಮೀ. ದಪ್ಪದ ಗಾಜಿರುವ ಡಿಶ್ ತೆಗೆದುಕೊಳ್ಳಿ. ಪ್ರತಿ ಮಿ.ಲೀ.ಗೆ 0.1 ಮಿ.ಗ್ರಾಂ ಪಾಲಿ-ಡಿ-ಲೈಸೀನ್ (ಕೋಶಗಳು ಗಾಜಿಗೆ ಅಂಟಲು ನೆರವಾಗುವ ಲೇಪ) ಇರುವ ದ್ರಾವಣವನ್ನು ರಾತ್ರಿಯಿಡೀ ಅದರಲ್ಲಿ ಬಿಟ್ಟು, ಸ್ಟೆರೈಲ್ ನೀರಿನಲ್ಲಿ ಕನಿಷ್ಠ ಮೂರು ಸಲ ತೊಳೆಯಿರಿ. ತೊಳೆಯುವುದರಲ್ಲಿ ಜಿಪುಣತನ ಬೇಡ, ಉಳಿದ ಪಾಲಿ-ಲೈಸೀನ್ ಕೋಶಗಳಿಗೆ ವಿಷ. ಲೇಪ ಸರಿಯಾಗಿ ಕೂರದಿದ್ದರೆ ಕೋಶಕಾಯಗಳು ಗುಂಪುಗಟ್ಟುತ್ತವೆ, ಆಕ್ಸಾನ್‌ಗಳು ಹುರಿಗೊಂಡ ಹಗ್ಗದಂತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಥ ಡಿಶ್‌ನಲ್ಲಿ ಯಾವ ಚುಕ್ಕೆ ಯಾವ ಆಕ್ಸಾನ್‌ನದು ಎಂದು ಹೇಳಲಾಗದು, ಅದನ್ನು ಪಕ್ಕಕ್ಕಿಡಿ.

ಬಿ27 ಪೋಷಕ ಬೆರೆಸಿದ ನ್ಯೂರೊಬೇಸಲ್ ಮೀಡಿಯಂನಲ್ಲಿ (ನ್ಯೂರಾನ್ ಬೆಳೆಸುವ ದ್ರವದಲ್ಲಿ) 7ರಿಂದ 10 ದಿನ ಬೆಳೆದ ಮೇಲೆ ಇಮೇಜಿಂಗ್ ಮಾಡಬಹುದು. ಲೈಸೊಸೋಮ್‌ಗೆ ಹತ್ತುವ ಫ್ಲೋರೆಸೆಂಟ್ ಬಣ್ಣವಾದ ಲೈಸೊಟ್ರ್ಯಾಕರ್ 50 ನ್ಯಾನೊಮೋಲಾರ್ ಹಾಕಿ, ಸುಮಾರು ಅರ್ಧ ಗಂಟೆ ಬಿಟ್ಟು, ಮೀಡಿಯಂ ಬದಲಿಸಿ. ಹೆಚ್ಚು ಹೊತ್ತು ಬಿಟ್ಟರೆ ಬಣ್ಣವೇ ಲೈಸೊಸೋಮ್‌ನ ಆಮ್ಲೀಯತೆ ತಗ್ಗಿಸುತ್ತದೆ. ಈ ಬಣ್ಣ ಎಲ್ಲ ಕೋಶಗಳಿಗೂ ಹತ್ತುತ್ತದೆ, ಹಾಗಾಗಿ ದಿಕ್ಕು ಗುರುತಿಸಲು ಹಿಂದಿನ ದಿನವೇ ಕೆಲವು ಕೋಶಗಳಿಗೆ ಮಾತ್ರ ಬೇರೆ ಬಣ್ಣದ ಫ್ಲೋರೆಸೆಂಟ್ ಪ್ರೋಟೀನ್‌ನ ಜೀನ್ ಸೇರಿಸಿರಬೇಕು (ಟ್ರಾನ್ಸ್‌ಫೆಕ್ಟ್ ಮಾಡಿರಬೇಕು). ಆ ಕೋಶದ ಆಕ್ಸಾನ್ ಹಿಡಿದು ಕೋಶಕಾಯದಿಂದ 100 ಮೈಕ್ರೋಮೀಟರ್‌ಗಿಂತ ಆಚೆ ಹೋಗಿ ಚಿತ್ರಿಸಿ. ಡೆಂಡ್ರೈಟ್ (ಸಂಕೇತ ಪಡೆಯುವ ಗಿಡ್ಡ ಕವಲು) ತಪ್ಪಿಯೂ ಸೇರಬಾರದು. ಅಲ್ಲಿ ಮೋಟಾರ್‌ಗಳು ಓಡುವ ಹಳಿಗಳಾದ ಮೈಕ್ರೊಟ್ಯೂಬ್ಯೂಲ್‌ಗಳು ಎರಡೂ ದಿಕ್ಕಿಗೆ ಮುಖ ಮಾಡಿರುತ್ತವೆ, ಚಲನೆಯ ದಿಕ್ಕು ನೋಡಿ ಮೋಟಾರ್ ಯಾವುದೆಂದು ಹೇಳಲಾಗದು.

ಹೆಚ್ಚು ಪ್ರಯೋಗಗಳು ಕೆಡುವುದು ಮೈಕ್ರೋಸ್ಕೋಪಿನ ಮುಂದೆಯೇ. ಸ್ಟೇಜ್ 37 ಡಿಗ್ರಿ ತೋರಿಸುತ್ತಿದ್ದರೂ ತಣ್ಣಗಿನ ಆಯಿಲ್ ಆಬ್ಜೆಕ್ಟಿವ್ ಗಾಜಿನಿಂದ ಶಾಖ ಎಳೆದುಕೊಳ್ಳುತ್ತದೆ, ಮೋಟಾರ್‌ಗಳು ನಿಧಾನವಾಗುತ್ತವೆ. ಆಬ್ಜೆಕ್ಟಿವ್‌ಗೂ ಹೀಟರ್ ಹಾಕಿ, ಶಾಖ ಸಮವಾಗುವವರೆಗೆ ಕಾಯಿರಿ. ಫೋಕಸ್ ಜಾರುವುದೂ ಆಗ ಕಡಿಮೆಯಾಗುತ್ತದೆ. 5% ಕಾರ್ಬನ್ ಡೈಆಕ್ಸೈಡ್ ಇಲ್ಲದಿದ್ದರೆ ಪಿಎಚ್ ಕಾಯುವ ಹೆಪೆಸ್ ಬಫರ್ ಇರುವ ಮೀಡಿಯಂ ಬಳಸಿ. ಮೀಡಿಯಂನಲ್ಲಿರುವ ಸೂಚಕ ಬಣ್ಣ ಫೀನಾಲ್ ರೆಡ್ ನೇರಳೆಗೆ ತಿರುಗಿದರೆ ಪಿಎಚ್ ಏರಿದೆ ಎಂದರ್ಥ. ಲೇಸರ್ ಆದಷ್ಟು ಕಡಿಮೆ ಇರಲಿ, ಚಿತ್ರ ತುಸು ಮಂಕಾದರೂ ಚಿಂತೆಯಿಲ್ಲ. ಮೊದಲ ಚಿತ್ರೀಕರಣದಲ್ಲಿ ಓಡಾಡಿದ ಲೈಸೊಸೋಮ್‌ಗಳು ಅದೇ ಜಾಗದ ಎರಡನೆಯದರಲ್ಲಿ ನಿಂತಿದ್ದರೆ, ಆಕ್ಸಾನ್ ಮಣಿಸರದಂತೆ ಉಬ್ಬಿದ್ದರೆ, ಕೋಶಕ್ಕೆ ಬೆಳಕಿನಿಂದ ಪೆಟ್ಟಾಗಿದೆ.

ಸೆಕೆಂಡಿಗೆ 2 ಫ್ರೇಮ್‌ನಂತೆ ಒಂದೆರಡು ನಿಮಿಷ ಸಾಕು. 5 ಸೆಕೆಂಡಿಗೊಂದು ಫ್ರೇಮ್ ತೆಗೆದರೆ, ಸೆಕೆಂಡಿಗೆ 1 ಮೈಕ್ರೋಮೀಟರ್ ಓಡುವ ಚುಕ್ಕೆ ಅಷ್ಟರಲ್ಲಿ 5 ಮೈಕ್ರೋಮೀಟರ್ ಜಿಗಿದು ಇನ್ನೊಂದರ ಜತೆ ಬೆರೆತುಹೋಗುತ್ತದೆ.

ಫೀಜಿಯಲ್ಲಿ (ಚಿತ್ರ ವಿಶ್ಲೇಷಿಸುವ ಸಾಫ್ಟ್‌ವೇರ್) ಕೈಮೋಗ್ರಾಫ್, ಅಂದರೆ ಒಂದು ಗೆರೆಯ ಮೇಲಿನ ಚಲನೆಯನ್ನು ಕಾಲದೊಂದಿಗೆ ತೋರಿಸುವ ಚಿತ್ರ, ಮಾಡುವಾಗ ಆ ಗೆರೆಯನ್ನು ಪ್ರತಿಸಲವೂ ಕೋಶಕಾಯದ ಕಡೆಯಿಂದ ತುದಿಗೆ ಎಳೆಯಿರಿ. ಒಂದು ಗೆರೆ ತಿರುಗಿದರೂ ಕೈನೆಸಿನ್ ಲೆಕ್ಕ ಡೈನೀನ್ ಖಾತೆಗೆ ಹೋಗುತ್ತದೆ. ಅಡ್ಡಕ್ಕೆ ದೂರ, ಕೆಳಕ್ಕೆ ಕಾಲ. ಪಿಕ್ಸೆಲ್ 0.1 ಮೈಕ್ರೋಮೀಟರ್, ಫ್ರೇಮ್ 0.5 ಸೆಕೆಂಡ್ ಇದ್ದಾಗ ಒಂದು ಓರೆಗೆರೆ 20 ಫ್ರೇಮ್‌ನಲ್ಲಿ 60 ಪಿಕ್ಸೆಲ್ ಸರಿದರೆ 10 ಸೆಕೆಂಡಿಗೆ 6 ಮೈಕ್ರೋಮೀಟರ್, ಅಂದರೆ ವೇಗ ಸೆಕೆಂಡಿಗೆ 0.6 ಮೈಕ್ರೋಮೀಟರ್. ಯಾವುದನ್ನು 'ನಿಂತಿದೆ' ಎನ್ನಬೇಕೆಂಬ ಮಿತಿಯನ್ನು ಎಣಿಕೆಗೆ ಮುಂಚೆಯೇ ಬರೆದಿಡಿ. ಯಾವ ಫೈಲ್ ರೋಗದ ಮ್ಯುಟೇಶನ್‌ನದು ಎಂಬುದು ಎಣಿಸುವವರಿಗೆ ತಿಳಿಯಬಾರದು.

ವೇಗದ ಜತೆಗೆ ಚಲಿಸುವವುಗಳ ಪಾಲು, ಒಂದೇ ಓಟದ ಉದ್ದ, ನಿಲುಗಡೆಗಳು ಇವನ್ನೂ ಬೇರೆಬೇರೆಯಾಗಿ ಬರೆದುಕೊಳ್ಳಿ. ಒಂದು ಬಗೆಯ ಕೈನೆಸಿನ್‌ನ ಜೀನ್ ಆದ ಕಿಫ್5ಎ ಇದಕ್ಕೆ ಒಳ್ಳೆಯ ಉದಾಹರಣೆ. ಆ ಪ್ರೋಟೀನ್‌ನ ಮೋಟಾರ್ ಭಾಗ ಕೆಟ್ಟರೆ ಕಾಲುಗಳು ಬಿಗಿಯುವ ಆನುವಂಶಿಕ ಸ್ಪಾಸ್ಟಿಕ್ ಪ್ಯಾರಾಪ್ಲೀಜಿಯಾ ಬರುತ್ತದೆ. ಬಾಲದ ತುದಿ ಬದಲಾದರೆ ಎಎಲ್‌ಎಸ್ (ಸ್ನಾಯು ಆಡಿಸುವ ನರಕೋಶಗಳು ಸಾಯುವ ರೋಗ) ಬರುತ್ತದೆ ಎಂಬುದು 2018ರಲ್ಲಿ ಗೊತ್ತಾಯಿತು, ಅಲ್ಲಿ ಮೋಟಾರ್ ತನ್ನನ್ನು ತಾನು ತಡೆದುಕೊಳ್ಳುವ ಶಕ್ತಿ ಕಳೆದುಕೊಂಡು ಅತಿಯಾಗಿ ಕೆಲಸ ಮಾಡುತ್ತದೆ. ಸರಾಸರಿ ವೇಗವೊಂದನ್ನೇ ನೋಡಿದರೆ ಇಂಥ ವ್ಯತ್ಯಾಸ ಕೈತಪ್ಪಬಹುದು.

ಕೊನೆಗೆ ಎಣಿಕೆ. ಒಂದೇ ಡಿಶ್‌ನ 300 ಲೈಸೊಸೋಮ್‌ಗಳು 300 ಪ್ರಯೋಗಗಳಲ್ಲ. ಬೇರೆಬೇರೆ ದಿನ ಮಾಡಿದ ಕನಿಷ್ಠ ಮೂರು ಕಲ್ಚರ್ ಇರಲಿ, ಪ್ರತಿಯೊಂದರಲ್ಲೂ ಕಂಟ್ರೋಲ್ ಮತ್ತು ಮ್ಯುಟೇಶನ್ ಎರಡನ್ನೂ ಒಂದೇ ದಿನ ಚಿತ್ರಿಸಿರಬೇಕು. ಅಂಕಿಅಂಶದ ಪರೀಕ್ಷೆಯಲ್ಲಿ 'ಎನ್' (ಸ್ವತಂತ್ರ ಪ್ರಯೋಗಗಳ ಸಂಖ್ಯೆ) ಎಂದು ಬರೆಯಬೇಕಾದದ್ದು ಕಲ್ಚರ್‌ಗಳ ಸಂಖ್ಯೆಯನ್ನು.