ಗೋಡೆ ಒಡೆಯದೆ ಹಳೇ ಕೇಬಲ್‌ನಲ್ಲೇ ಗಿಗಾಬಿಟ್ ಬಂತು

ಹಳೇ ಮನೆಯ ಗೋಡೆಯಲ್ಲಿರುವ ನೆಟ್‌ವರ್ಕ್ ಸಾಕೆಟ್ ಸತ್ತಿದೆ ಎಂದರೆ ಎಲ್ಲರೂ ಮೊದಲು ಬೈಯುವುದು ಕೇಬಲನ್ನು. ಆದರೆ ಗೋಡೆಯೊಳಗಿನ ಕೇಬಲನ್ನು ಯಾರೂ ತುಳಿಯುವುದಿಲ್ಲ, ಎಳೆಯುವುದಿಲ್ಲ, ದಿನಾ ಬಗ್ಗಿಸುವುದಿಲ್ಲ. ಇಲಿ, ನೀರು, ಮೊಳೆ ಇವುಗಳ ಕಾಟ ಇಲ್ಲದಿದ್ದರೆ ಅದು ತನ್ನ ಪಾಡಿಗೆ ಚೆನ್ನಾಗಿರುತ್ತದೆ. ಮನುಷ್ಯರ ಕೈ ಬೀಳುವುದು ಎರಡು ತುದಿಗಳ ಮೇಲೆ. ನಮ್ಮ ಮನೆಯಲ್ಲಿ ಸಿಕ್ಕ ತೊಂದರೆಗಳೂ ಹೆಚ್ಚುಕಡಿಮೆ ಎಲ್ಲವೂ ಅಲ್ಲೇ ಇದ್ದವು.

ಈ ಮನೆಗೆ ಬಂದಾಗ ಪ್ರತಿ ಕೋಣೆಯ ಗೋಡೆಯಲ್ಲೂ ಒಂದು ಪ್ಲೇಟ್ ಇತ್ತು. ಕೆಲವದರಲ್ಲಿ ಕಿರಿದಾದ ಟೆಲಿಫೋನ್ ಜಾಕ್, ಕೆಲವದರಲ್ಲಿ ಎಂಟು ಪಿನ್ನಿನ ಅಗಲ ಜಾಕ್, ಒಂದು ಕೋಣೆಯಲ್ಲಿ ಬರೀ ಟಿವಿಯ ಕೋಆಕ್ಸಿಯಲ್ ಕೇಬಲ್. ಲ್ಯಾಪ್‌ಟಾಪ್ ಚುಚ್ಚಿದರೆ ಎಲ್ಲೂ ದೀಪ ಹತ್ತಲಿಲ್ಲ. ವೈಫೈ ಹಿಂದಿನ ಕೋಣೆ ತಲುಪುವಷ್ಟರಲ್ಲಿ ಸುಸ್ತಾಗಿರುತ್ತಿತ್ತು.

ಒಂದು ಪ್ಲೇಟ್ ಬಿಚ್ಚಿ ಕೇಬಲಿನ ಹೊದಿಕೆಯ ಮೇಲಿನ ಅಕ್ಷರ ಓದಿದೆ. ಮಾಸಿಹೋಗಿದ್ದರೂ ‘ಕ್ಯಾಟ್ 5ಇ, 4 ಪೇರ್, 24 ಎಡಬ್ಲ್ಯುಜಿ’ ಎಂದು, ಅಂದರೆ ಕೇಬಲಿನ ದರ್ಜೆ, ಜೋಡಿಗಳ ಸಂಖ್ಯೆ, ತಂತಿಯ ದಪ್ಪ ಕಾಣುತ್ತಿತ್ತು. ಅರ್ಧ ಕೆಲಸ ಅಲ್ಲೇ ಮುಗಿಯಿತು. ಫೋನಿಗೆಂದು ಎಳೆದಿದ್ದರೂ ಅದು ನಾಲ್ಕು ಜೋಡಿಯ ಕೇಬಲ್, ಪ್ರತಿ ಜೋಡಿಯಲ್ಲೂ ಒಂದಕ್ಕೊಂದು ಹೆಣೆದ ಎರಡು ಎಳೆ. ಎರಡು ಎಳೆಗಳನ್ನು ಮಾತ್ರ ಜಾಕ್‌ಗೆ ಸೇರಿಸಿ ಉಳಿದ ಆರನ್ನು ಹೊದಿಕೆಗೆ ಸುತ್ತಿ ಬಿಟ್ಟಿದ್ದರು. ಬೇಡದ ಎಳೆಗಳನ್ನು ಕತ್ತರಿಸಿ ಎಸೆಯದ ಆ ಪುಣ್ಯಾತ್ಮ ಯಾರೇ ಆಗಿರಲಿ, ಅವರಿಗೊಂದು ನಮಸ್ಕಾರ. ತಾಮ್ರದ ಮೇಲಿನ ಗಿಗಾಬಿಟ್ ಈಥರ್ನೆಟ್ (ಸೆಕೆಂಡಿಗೆ 1000 ಮೆಗಾಬಿಟ್ ವೇಗದ ತಂತಿ ನೆಟ್‌ವರ್ಕ್) ಮಾನದಂಡ 1999ರಲ್ಲಿ ಬಂದದ್ದೇ ಆಗ ಕಟ್ಟಡಗಳಲ್ಲಿದ್ದ ಕ್ಯಾಟ್ 5 ಕೇಬಲ್ ಮೇಲೆ 100 ಮೀಟರ್‌ವರೆಗೆ ಓಡಬೇಕು ಎಂಬ ಲೆಕ್ಕದಲ್ಲಿ. ಕ್ಯಾಟ್ 5ಇ ಅದರ ಸುಧಾರಿತ ರೂಪ. ಹಾಗಾಗಿ ‘5ಇ’ ಎಂದು ಕಂಡ ಮೇಲೆ ಹೊಸ ಕೇಬಲಿನ ಯೋಚನೆ ಬಿಟ್ಟೆ.

ಅದೇ ಹೊದಿಕೆಯ ಮೇಲೆ ಇನ್ನೊಂದು ಉಪಯೋಗದ ಸಂಗತಿ ಇರುತ್ತದೆ, ಬಹಳ ಜನ ಗಮನಿಸುವುದಿಲ್ಲ. ಸಾಮಾನ್ಯವಾಗಿ ಕೇಬಲ್ ಉದ್ದಕ್ಕೂ ಮೀಟರ್ ಅಥವಾ ಅಡಿ ಲೆಕ್ಕದ ಸಂಖ್ಯೆ ಏರುತ್ತಾ ಹೋಗುವಂತೆ ಅಚ್ಚು ಮಾಡಿರುತ್ತಾರೆ. ಮೀಟರ್ ಲೆಕ್ಕದ ಕೇಬಲಿನ ಒಂದು ತುದಿಯಲ್ಲಿ 212, ಇನ್ನೊಂದರಲ್ಲಿ 231 ಎಂದಿದ್ದರೆ ನಡುವೆ ಇರುವುದು ಸುಮಾರು 19 ಮೀಟರ್. ಉದ್ದ ಅಳೆಯುವ ಯಂತ್ರವೇ ಬೇಡ. ಯಾವ ಕೋಣೆಯ ಕೇಬಲ್ ಯಾವುದು ಎಂದು ಊಹಿಸಲೂ ಈ ಸಂಖ್ಯೆಗಳು ನೆರವಾದವು.

ಟೆಲಿಫೋನ್ ವೈರಿಂಗ್‌ಗೆ ಕೈ ಹಾಕುವ ಮುನ್ನ ಹೊರಗಿನ ಲೈನ್ ಕಳಚಿಟ್ಟೆ. ಸುಮ್ಮನಿರುವ ಫೋನ್ ಲೈನಿನಲ್ಲೂ 48 ವೋಲ್ಟ್‌ನ ಆಸುಪಾಸು ಡಿಸಿ ಇರುತ್ತದೆ, ಗಂಟೆ ಬಾರಿಸುವಾಗ ಎಸಿ ಇನ್ನೂ ಮೇಲೇರುತ್ತದೆ. ಬೆರಳಿಗೆ ಚುರುಕ್ ಅನ್ನುವುದಕ್ಕಿಂತ, ನೆಟ್‌ವರ್ಕ್ ಸ್ವಿಚ್ಚಿನ (ಹಲವು ನೆಟ್‌ವರ್ಕ್ ಕೇಬಲ್‌ಗಳನ್ನು ಒಂದಕ್ಕೊಂದು ಬೆಸೆಯುವ ಪೆಟ್ಟಿಗೆ) ಪೋರ್ಟ್ ಸುಟ್ಟುಹೋಗುತ್ತದೆ ಎಂಬುದೇ ನನ್ನ ಭಯವಾಗಿತ್ತು.

ಕೇಬಲ್‌ಗಳ ಇನ್ನೊಂದು ತುದಿ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಸಿಕ್ಕಿತು. ಎಲ್ಲ ಕೇಬಲ್‌ಗಳ ನೀಲಿ ಜೋಡಿಯನ್ನೂ ಒಟ್ಟಿಗೆ ಸೇರಿಸಿ ಪುಟ್ಟ ಕನೆಕ್ಟರ್‌ಗಳಲ್ಲಿ ಒತ್ತಿದ್ದರು. ಫೋನಿಗೆ ಅದು ಸರಿ, ನೆಟ್‌ವರ್ಕ್‌ಗೆ ಹಾಗೆ ಕವಲೊಡೆಯುವ ತಂತಿ ಆಗಿಬರುವುದಿಲ್ಲ. ಎಲ್ಲವನ್ನೂ ಬಿಡಿಸಿ ಟೋನರ್ (ಕೇಬಲಿನ ಒಂದು ತುದಿಗೆ ಸಂಕೇತ ಕಳಿಸಿ ಇನ್ನೊಂದು ತುದಿಯಲ್ಲಿ ಅದನ್ನು ಸದ್ದಾಗಿ ಕೇಳಿಸುವ ಸಾಧನ) ಹಿಡಿದು ಹುಡುಕಲು ಹೊರಟೆ. ಒತ್ತೊತ್ತಾಗಿ ಮಲಗಿರುವ ಕೇಬಲ್‌ಗಳಲ್ಲಿ ಸದ್ದು ಒಂದರಿಂದ ಇನ್ನೊಂದಕ್ಕೆ ಹಾಯುತ್ತದೆ. ಎಲ್ಲವೂ ಕುಂಯ್ ಎನ್ನುತ್ತಿರುತ್ತವೆ. ಆಗ ಅನುಮಾನ ಇರುವ ಕೇಬಲಿನ ಆ ಜೋಡಿಯ ಎರಡು ಎಳೆಗಳ ತುದಿಯನ್ನು ಒಂದಕ್ಕೊಂದು ಮುಟ್ಟಿಸಬೇಕು. ಸದ್ದು ನಿಂತರೆ ಅದೇ ಕೇಬಲ್, ನಿಲ್ಲದಿದ್ದರೆ ಪಕ್ಕದ್ದು. ಸಿಕ್ಕಿದ್ದಕ್ಕೆ ತಕ್ಷಣ ಟೇಪ್ ಸುತ್ತಿ ಕೋಣೆಯ ಹೆಸರು ಬರೆದೆ.

ಒಂದು ಕೋಣೆಯ ಪ್ಲೇಟಿನ ಹಿಂದೆ ಎರಡು ಕೇಬಲ್ ಇದ್ದವು. ಒಂದು ಗೂಡಿನಿಂದ ಬಂದದ್ದು, ಇನ್ನೊಂದು ಮುಂದಿನ ಕೋಣೆಗೆ ಹೋಗುವಂಥದ್ದು. ಅಲ್ಲಿ ಎರಡು ಜಾಕ್ ಕೂರಿಸಿ ನಡುವೆ ಐದು ಪೋರ್ಟಿನ ಸಣ್ಣ ಸ್ವಿಚ್ ಇಟ್ಟೆ. ಮೊದಲ ಕೋಣೆಗೆ ಸಂಪರ್ಕ ಬೇಡದಿದ್ದರೆ ಎರಡು ಜಾಕ್‌ಗಳ ನಡುವೆ ಗಿಡ್ಡ ಪ್ಯಾಚ್ ಕಾರ್ಡ್ (ಎರಡು ತುದಿಗೂ ಪ್ಲಗ್ ಇರುವ ತುಂಡು ಕೇಬಲ್) ಹಾಕಿದರೂ ಸಾಕಿತ್ತು.

ಇನ್ನು ತುದಿಗಳ ಕೆಲಸ. ಗೋಡೆಯೊಳಗಿನ ಕೇಬಲ್‌ನ ಎಳೆಗಳು ಒಂದೇ ಗಟ್ಟಿ ತಂತಿಯವು. ಅವಕ್ಕೆ ನೇರವಾಗಿ ಪ್ಲಗ್ ಕ್ರಿಂಪ್ ಮಾಡುವುದು (ಇಕ್ಕಳದಿಂದ ಒತ್ತಿ ಕೂರಿಸುವುದು) ನನಗೆ ಇಷ್ಟವಿಲ್ಲ. ಪ್ಲಗ್ ಆಚೀಚೆ ಆಡಿದಂತೆಲ್ಲ ತಂತಿ ದಣಿದು ಮುರಿಯುತ್ತದೆ. ಗೋಡೆಯ ಕಡೆ ಪ್ಲೇಟಿಗೆ ಕೂರುವ ಕೀಸ್ಟೋನ್ ಜಾಕ್, ಗೂಡಿನ ಕಡೆ ಜಾಕ್‌ಗಳ ಸಾಲಿರುವ ಪ್ಯಾಚ್ ಪ್ಯಾನೆಲ್, ಎರಡಕ್ಕೂ ಎಳೆಗಳನ್ನು ಸೀಳಿಗೆ ಒತ್ತುವ ಪಂಚ್ ಡೌನ್ ಟೂಲ್. ಬಣ್ಣದ ಕ್ರಮಕ್ಕೆ ಟಿ568ಬಿ ಹಿಡಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಟಿ568ಎ ಆದರೂ ನಡೆಯುತ್ತದೆ, ಎರಡು ತುದಿಯಲ್ಲೂ ಒಂದೇ ಇರಲಿ ಅಷ್ಟೆ. ಜಾಕಿನ ಸೀಳುಗಳು ಮಾತ್ರ ಈ ಕ್ರಮದಲ್ಲಿ ಇರುವುದಿಲ್ಲ, ಅದರ ಪಕ್ಕದಲ್ಲಿ ಅಂಟಿಸಿದ ಬಣ್ಣದ ಚೀಟಿಯನ್ನೇ ನಂಬಬೇಕು. ಜೋಡಿಯ ಹೆಣಿಗೆಯನ್ನು 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚಬಾರದು. ಪೆಟ್ಟಿಗೆಯೊಳಗೆ ಉಳಿದಿರುವ ಕೇಬಲ್ ಗೇಣುದ್ದವೂ ಇಲ್ಲದಿರುವುದರಿಂದ ಪ್ರತಿ ಸಲ ಕತ್ತರಿಸುವಾಗಲೂ ಜಿಪುಣನಾಗಿರಬೇಕು.

ತಲೆ ಕೆಡಿಸಿದ್ದು ಓದುವ ಕೋಣೆ. ಅಲ್ಲಿ ಮೊದಲೇ ಎಂಟು ಪಿನ್ನಿನ ಜಾಕ್ ಇತ್ತು, ಅದರ ಕೇಬಲಿಗೆ ಗೂಡಿನಲ್ಲೂ ಅಂಥದ್ದೇ ಒಂದು ಜಾಕ್ ಇತ್ತು. ಕೇಬಲ್ ಟೆಸ್ಟರ್ ಚುಚ್ಚಿದರೆ ಎಂಟೂ ದೀಪ ಸಾಲಾಗಿ ಹತ್ತಿದವು. ಆದರೂ ಸ್ವಿಚ್ಚಿಗೆ ಸೇರಿಸಿದರೆ ಸಂಪರ್ಕ 100 ಮೆಗಾಬಿಟ್‌ಗೆ ಇಳಿಯುತ್ತಿತ್ತು, ಅದೂ ಆಗಾಗ ಕಡಿದು ಬರುತ್ತಿತ್ತು. ಸ್ವಿಚ್ಚಿನ ನಿರ್ವಹಣಾ ಪುಟದಲ್ಲಿ ಸಿಆರ್‌ಸಿ ದೋಷಗಳ (ದಾರಿಯಲ್ಲಿ ಕೆಟ್ಟು ಬಂದ ಮಾಹಿತಿಯ) ಎಣಿಕೆ ಕಣ್ಣೆದುರೇ ಏರುತ್ತಿತ್ತು. ಜಾಕ್ ಬಿಚ್ಚಿ ನೋಡಿದಾಗ ಗೊತ್ತಾಯಿತು. ಹಿಂದೆ ಕೂರಿಸಿದವರು ಒಂದು-ಎರಡಕ್ಕೆ ಕಿತ್ತಳೆ, ಮೂರು-ನಾಲ್ಕಕ್ಕೆ ಹಸಿರು, ಐದು-ಆರಕ್ಕೆ ನೀಲಿ, ಏಳು-ಎಂಟಕ್ಕೆ ಕಂದು ಎಂದು ಜೋಡಿ ಜೋಡಿಯಾಗಿ ಒತ್ತಿದ್ದರು. ನೋಡಲು ಚಂದ, ಎರಡೂ ತುದಿ ಒಂದೇ ಥರ. ಆದರೆ ಈಥರ್ನೆಟ್‌ನಲ್ಲಿ ಮೂರನೆಯ ಪಿನ್ನಿನ ಜೊತೆಗಾರ ಆರನೆಯದು, ನಾಲ್ಕರ ಜೊತೆಗಾರ ಐದು. ಈ ಜೋಡಣೆಯಲ್ಲಿ ಒಂದೇ ಸಂಕೇತದ ಎರಡು ಭಾಗ ಎರಡು ಬೇರೆ ಹೆಣಿಗೆಗಳಲ್ಲಿ ಹರಿಯುತ್ತವೆ, ಒಂದೇ ನೊಗದ ಎತ್ತುಗಳನ್ನು ಬೇರೆ ಬೇರೆ ಗಾಡಿಗೆ ಕಟ್ಟಿದ ಹಾಗೆ. ಹೆಣಿಗೆ ಇರುವುದೇ ಜೊತೆಯ ಎರಡು ಎಳೆಗಳ ಮೇಲೆ ಬೀಳುವ ಗದ್ದಲ ಸಮನಾಗಿರಲಿ, ಕೊನೆಯಲ್ಲಿ ಒಂದನ್ನೊಂದು ಅಳಿಸಲಿ ಎಂದು. ಜೊತೆ ತಪ್ಪಿದರೆ ಆ ಲಾಭ ಹೋಯಿತು. ದೀಪ ಹತ್ತಿಸುವ ಅಗ್ಗದ ಟೆಸ್ಟರ್ ತಂತಿ ತುದಿಯಿಂದ ತುದಿಗೆ ಇದೆಯೇ ಎಂದಷ್ಟೇ ನೋಡುತ್ತದೆ. ಯಾವುದು ಯಾರ ಜೊತೆ ಹೆಣೆದಿದೆ ಎಂಬುದು ಅದಕ್ಕೆ ತಿಳಿಯದು. ಎರಡೂ ತುದಿ ಕತ್ತರಿಸಿ ಸರಿಯಾದ ಕ್ರಮದಲ್ಲಿ ಒತ್ತಿದ ಮೇಲೆ ಅದೇ ಕೇಬಲ್ ಗಿಗಾಬಿಟ್ ಕೊಟ್ಟಿತು.

ಇನ್ನೊಂದು ಕೋಣೆಯಲ್ಲೂ 100 ಮೆಗಾಬಿಟ್ಟೇ, ಆದರೆ ದೋಷಗಳಿಲ್ಲದೆ ಗಟ್ಟಿಯಾಗಿ ನಿಂತಿತ್ತು. ಇದರ ಕಾರಣ ಬೇರೆ. 100 ಮೆಗಾಬಿಟ್‌ಗೆ 1, 2, 3, 6 ಈ ನಾಲ್ಕು ಪಿನ್ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಟೆಸ್ಟರಿನಲ್ಲಿ ಏಳರ ದೀಪ ಇರಲಿಲ್ಲ. ಹೊದಿಕೆ ಸುಲಿಯುವಾಗ ಬ್ಲೇಡ್ ತಗುಲಿ ಬಿಳಿ-ಕಂದು ಎಳೆಯ ತಾಮ್ರ ಒಳಗೇ ತುಂಡಾಗಿತ್ತು, ಮೇಲಿನ ಪ್ಲಾಸ್ಟಿಕ್ ಮಾತ್ರ ಹಿಡಿದುಕೊಂಡಿತ್ತು. ಎರಡು ಬೆರಳಗಲ ಕತ್ತರಿಸಿ ಹೊಸದಾಗಿ ಒತ್ತಿದೆ.

ಕೋಆಕ್ಸಿಯಲ್ ಮಾತ್ರ ಇದ್ದ ಕೋಣೆಗೆ ಮೋಕಾ ಅಡಾಪ್ಟರ್ (ಟಿವಿ ಕೇಬಲಿನ ಮೇಲೆ ನೆಟ್‌ವರ್ಕ್ ಓಡಿಸುವ ಸಾಧನ) ಜೋಡಿ ಹಾಕಿದೆ. ಟಿವಿ ಕೇಬಲನ್ನು ಕವಲೊಡೆಸುವ ಹಳೇ ಸ್ಪ್ಲಿಟರ್ ಮೇಲೆ 5-1000 ಮೆಗಾಹರ್ಟ್ಜ್ ಎಂದಿತ್ತು, ಮೋಕಾ ಬಳಸುವುದು ಅದರಿಂದಾಚೆ 1675ರವರೆಗೆ. ಸ್ಪ್ಲಿಟರ್ ಬದಲಾಯಿಸಿ, ಕೇಬಲ್ ಮನೆಯೊಳಗೆ ಬರುವ ಜಾಗದಲ್ಲಿ ಮೋಕಾ ಸಂಕೇತ ಹೊರಹೋಗದಂತೆ ತಡೆಯುವ ಫಿಲ್ಟರ್ ತಿರುಗಿಸಿ ಕೂರಿಸಿದ ಮೇಲೆ ತಕರಾರಿಲ್ಲ. ಉಪಗ್ರಹ ಡಿಶ್ಶಿನ ಕೇಬಲ್ ಆದರೆ ಇದನ್ನು ಮಾಡಬೇಡಿ, ಎರಡರ ಆವರ್ತನಗಳು ಒಂದರ ಮೇಲೊಂದು ಬೀಳುತ್ತವೆ.

ಕೊನೆಗೆ ಗೂಡಿನಲ್ಲೊಂದು ಕಂಪ್ಯೂಟರ್, ಕೋಣೆಯಲ್ಲೊಂದು ಇಟ್ಟು ವೇಗ ಅಳೆಯುವ ಐಪರ್ಫ್3 ತಂತ್ರಾಂಶ ಓಡಿಸಿದೆ. ಸರಿಯಾದ ಗಿಗಾಬಿಟ್ ಸಂಪರ್ಕದಲ್ಲಿ 940 ಮೆಗಾಬಿಟ್ ಹತ್ತಿರ ಬರಬೇಕು, ಬಂತು. ಲಿಂಕ್ ದೀಪ ನೋಡಿ ನಿಲ್ಲಿಸಬಾರದು. ಸ್ವಲ್ಪ ಹೊತ್ತು ಭಾರ ಹಾಕಿ, ದೋಷಗಳ ಎಣಿಕೆ ಸೊನ್ನೆಯಲ್ಲೇ ಇದೆಯೇ ನೋಡಬೇಕು.

ಹಿಂದಿನ ಕೋಣೆಗೆ ಈಗ ವೈಫೈ ಆಕ್ಸೆಸ್ ಪಾಯಿಂಟ್ ಇಟ್ಟಿದ್ದೇನೆ. ವಿದ್ಯುತ್ತೂ ಅದೇ ಕೇಬಲಿನಲ್ಲಿ ಹೋಗುತ್ತದೆ, ಗೂಡಿನ ಪಿಒಇ (ಪವರ್ ಓವರ್ ಈಥರ್ನೆಟ್) ಸ್ವಿಚ್ಚಿನಿಂದ. ಹೀಗೆ ವಿದ್ಯುತ್ ಕಳಿಸುವುದಾದರೆ ಅಲ್ಯುಮಿನಿಯಂಗೆ ತಾಮ್ರ ಲೇಪಿಸಿದ ಅಗ್ಗದ ಪ್ಯಾಚ್ ಕಾರ್ಡ್ ಬೇಡ, ಅದರ ರೋಧ ಹೆಚ್ಚು, ಬಿಸಿಯೂ ಆಗುತ್ತದೆ. ಪೂರ್ತಿ ತಾಮ್ರದ್ದೇ ಎಂದು ಕೇಳಿ ತನ್ನಿ.