ಚಟುವಟಿಕೆ ಬಿಟ್ಟು ಸಂಡಿಗೆ ಹಿಡಿದೆವು

ಹಿರಿಯರ ವಸತಿಗಳಲ್ಲಿ ಆಕ್ಟಿವಿಟಿ ನೋಡಿಕೊಳ್ಳುವ ನನ್ನಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಚೇರ್ ಯೋಗ, ತಂಬೋಲ, ಬಣ್ಣ ತುಂಬುವ ಪುಸ್ತಕ, ಶುಕ್ರವಾರದ ಭಜನೆ ಎಲ್ಲ ನೀವೂ ಮಾಡಿಸಿದ್ದೀರಿ, ಎಷ್ಟು ಜನ ಬರುತ್ತಾರೆ ಅನ್ನುವುದೂ ನಿಮಗೆ ಗೊತ್ತು. ಮೈಸೂರಿನ ನಮ್ಮ ಮನೆಯಲ್ಲಿ ಇರುವವರು ನಲವತ್ತರ ಆಸುಪಾಸು. ಬಣ್ಣದ ಪುಸ್ತಕಕ್ಕೆ ಬರುತ್ತಿದ್ದವರು ಐದಾರು ಮಂದಿ, ಅವರಲ್ಲಿ ಇಬ್ಬರು ಬಿಸ್ಕತ್ತಿಗೆ. ರಿಟೈರ್ಡ್ ಹೆಡ್‌ಮಾಸ್ತರರೊಬ್ಬರ ಕೈಗೆ ಕ್ರೆಯಾನ್ ಕೊಟ್ಟಾಗ, "ಏನಮ್ಮಾ, ನನ್ನನ್ನ ಒಂದನೇ ಕ್ಲಾಸಿಗೆ ಇಳಿಸಿಬಿಟ್ಟೆಯಾ?" ಎಂದು ಎದ್ದು ಹೋದರು.

ಶಿವರಾತ್ರಿ ಕಳೆದು ಬಿಸಿಲು ಬಲಿಯಿತೆಂದರೆ ನಮ್ಮ ಊಟದ ಮನೆಯಲ್ಲಿ ಒಂದೇ ತಕರಾರು. ಅಂಗಡಿ ಹಪ್ಪಳ ಸೋಡಾ ನಾರುತ್ತದೆ, ಉಪ್ಪಿನಕಾಯಿಗೆ ವಿನೆಗರ್ ಸುರಿದಿದ್ದಾರೆ. ಒಂದು ದಿನ ನಾನೂ ಹೇಳಿದೆ, ಹಾಗಾದರೆ ಈ ವರ್ಷದ್ದು ನೀವೇ ಮಾಡಿಕೊಡಿ, ಅಡುಗೆಮನೆ ದುಡ್ಡು ಕೊಟ್ಟು ಕೊಂಡುಕೊಳ್ಳುತ್ತದೆ. ಟ್ರಸ್ಟಿನವರು ನಕ್ಕರು. ಫಿಸಿಯೋಥೆರಪಿಸ್ಟ್ ಭುಜದ ಕೀಲಿನ ಕತೆ ಹೇಳಿದರು. ಹೊರದೇಶದಲ್ಲಿರುವ ಮಗನೊಬ್ಬರು ಫೋನ್ ಮಾಡಿ, "ತಿಂಗಳಿಗೆ ಇಷ್ಟು ಕಟ್ಟಿ ನಮ್ಮಮ್ಮನ್ನ ಹಪ್ಪಳ ಲಟ್ಟಿಸೋಕೆ ಕೂರಿಸಿದ್ದೀರಾ ಮೇಡಂ?" ಎಂದು ಒಂದು ಗಂಟೆ ಕೂಗಾಡಿದರು.

ಮೊದಲ ವರ್ಷ ಅವರೆಲ್ಲ ಹೇಳಿದ ಹಾಗೇ ಆಯಿತು ಅನ್ನಿ. ಲಿಫ್ಟು ಎರಡನೇ ಮಹಡಿಗೆ ನಿಲ್ಲುತ್ತದೆ, ತಾರಸಿಗೆ ಹತ್ತಲು ಇನ್ನೂ ಹದಿನಾರು ಮೆಟ್ಟಿಲು. ಹತ್ತಬಲ್ಲವರು ನಾಲ್ಕೈದು ಜನ, ಅವರೂ ಬಗ್ಗಿ ಪ್ಲಾಸ್ಟಿಕ್ ಹಾಳೆಯ ಮೇಲೆ ಸಂಡಿಗೆ ಇಡಲಾರರು. ಒಂಬತ್ತೂವರೆಗೆಲ್ಲ ಒಬ್ಬ ಅಜ್ಜಿಗೆ ತಲೆ ಸುತ್ತು. ಉಪ್ಪು ನೋಡಲು ಕೂರಿಸಿದ್ದು ಎಂಬತ್ತು ದಾಟಿದವರನ್ನು. ಆ ವಯಸ್ಸಿಗೆ ನಾಲಿಗೆಗೆ ಉಪ್ಪು ತಿಳಿಯುವುದೇ ಕಮ್ಮಿ, ಅವರು "ಸಪ್ಪೆ, ಸಪ್ಪೆ" ಅನ್ನುತ್ತಾ ಹೋದರು. ಗಂಜಿಯಲ್ಲಿ ಸರಿಯಿದ್ದ ಉಪ್ಪೇ ಒಣಗಿದ ಮೇಲೆ ಕಟುವಾಗುತ್ತದೆ, ಇನ್ನು ಇದು ಕೇಳಬೇಕೆ. ಅದೂ ಸಾಲದೆಂಬಂತೆ ರಾಮನವಮಿ ಕಳೆದ ಮೇಲೆ ಶುರು ಮಾಡಿದ್ದರಿಂದ ಮಾವಿನ ಮಳೆ ಬಂದು ಅರೆ ಒಣಗಿದ ಸಂಡಿಗೆಗೆಲ್ಲ ಬೂಸ್ಟು. ಎರಡೂವರೆ ಮೂರು ಸಾವಿರದ ಮಾಲು ತಿಪ್ಪೆಗೆ.

ಮರುವರ್ಷ ತಾರಸಿಯನ್ನೇ ಬಿಟ್ಟೆ. ಗುಜರಿಯಿಂದ ಹಳೆಯ ಮಡಚುವ ಕಬ್ಬಿಣದ ಮಂಚ ಏಳೆಂಟು ತಂದೆವು, ಒಂದಕ್ಕೆ ನಾನೂರು ಇರಬೇಕು. ಅವಕ್ಕೆ ಸೊಳ್ಳೆ ಪರದೆಯ ನೈಲಾನ್ ಬಲೆ ಬಿಗಿದು ಕಟ್ಟಿ ಹಿಂದಿನ ಅಂಗಳದಲ್ಲಿ ಸಾಲಾಗಿ ಹಾಕಿದೆವು. ಮಂಚದ ಎತ್ತರ ಗಾಲಿ ಕುರ್ಚಿಯಲ್ಲಿ ಕೂತವರ ಮಂಡಿಗೆ ಸರಿಯಾಗುತ್ತದೆ, ಬಗ್ಗುವ ಮಾತೇ ಇಲ್ಲ. ಮೊದಲ ದಿನ ಬಲೆಯ ಮೇಲೆ ಪಂಚೆ ಹಾಸಿ ಸಂಡಿಗೆ ಇಡುವುದು. ಮಾರನೇ ದಿನ ಪಂಚೆಯ ಹಿಂಬದಿಗೆ ನೀರು ಚಿಮುಕಿಸಿ ಬಿಡಿಸಿ ಬಲೆಗೇ ಹಾಕಿದರೆ ಕೆಳಗಿನಿಂದಲೂ ಗಾಳಿಯಾಡಿ ಬೇಗ ಒಣಗುತ್ತದೆ. ಮೋಡ ಕವಿದರೆ ಇಬ್ಬರು ಆಯಾಗಳು ಮಂಚವನ್ನೇ ಎತ್ತಿ ಪಡಸಾಲೆಗೆ. ಕೂರುವ ಜಾಗಕ್ಕೆ ಮಾತ್ರ ಹಸಿರು ನೆರಳು ಬಲೆ. ಬೆಳಿಗ್ಗೆ ಏಳರಿಂದ ಒಂಬತ್ತು, ಆಮೇಲೆ ಎಷ್ಟೇ ಗಂಜಿ ಉಳಿದಿರಲಿ ಎದ್ದುಬಿಡಬೇಕು. ಅರ್ಧ ಗಂಟೆಗೊಮ್ಮೆ ಮಜ್ಜಿಗೆ. ನೀರಿನ ಮಾತ್ರೆ, ಅಂದರೆ ಮೂತ್ರ ಹೆಚ್ಚಿಸುವ ಮಾತ್ರೆ, ತಿನ್ನುವವರ ಮೇಲೆ ನರ್ಸ್ ಕಣ್ಣಿಟ್ಟಿರಬೇಕು. ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ. ಯುಗಾದಿ ಬರಲೆಂದು ಕೂತರೆ ಬಿಸಿಲು ಕೈತಪ್ಪುತ್ತದೆ, ಶಿವರಾತ್ರಿ ಮುಗಿದ ವಾರವೇ ಅಕ್ಕಿ ನೆನೆಹಾಕಿ.

ಇನ್ನು ಕೆಲಸ ಹಂಚುವುದು. ನನ್ನ ಕೈಚಳಕ ಏನಾದರೂ ಇದ್ದರೆ ಅದು ಇಲ್ಲೇ. ಪಾರ್ಕಿನ್ಸನ್ಸ್ ಇರುವ ತಾತನ ಕೈಗೆ ಚಮಚ ಕೊಟ್ಟರೆ ಗಂಜಿ ಎಲ್ಲೆಂದರಲ್ಲಿ. ಚಕ್ಕುಲಿ ಒರಳು ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು ಒತ್ತುವಾಗ ಅವರ ನಡುಕ ತಗ್ಗುತ್ತದೆ, ನಮ್ಮಲ್ಲಿ ಒತ್ತು ಸಂಡಿಗೆಯೆಲ್ಲ ಈಗ ಅವರದೇ. ಕಾಗೆ ಕಾಯಲು ಹೆಡ್‌ಮಾಸ್ತರರು, ಕೈಯಲ್ಲಿ ಬೆತ್ತ ಬೇರೆ. ಬ್ಯಾಂಕಿನಲ್ಲಿದ್ದ ತಾತನಿಗೆ ತಕ್ಕಡಿ ಮತ್ತು ಲೆಕ್ಕದ ಪುಸ್ತಕ. ಉಪ್ಪು ನೋಡುವುದು ನಮ್ಮ ಅಡುಗೆಯ ಹುಡುಗಿ, ಇದರಲ್ಲಿ ರಾಜಿಯಿಲ್ಲ.

ಮರೆವಿನ ಕಾಯಿಲೆ ಇರುವ ಒಬ್ಬ ಅಜ್ಜಿಗೆ ಬೆಳಗಿನ ತಿಂಡಿ ತಿಂದದ್ದೂ ನೆನಪಿರುವುದಿಲ್ಲ. ಉದ್ದಿನ ಹಪ್ಪಳದ ಹಿಟ್ಟು ಮುಂದಿಟ್ಟಾಗ ಕೇಳದೆಯೇ ಅಂಗೈಗೆ ಎಣ್ಣೆ ಸವರಿಕೊಂಡರು, ಹಿಟ್ಟನ್ನು ಹಗ್ಗದಂತೆ ಉದ್ದಕ್ಕೆ ಹೊಸೆದರು, ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಟಕಟಕನೆ ಕತ್ತರಿಸುತ್ತಾ ಹೋದರು. ಬ್ಯಾಂಕ್ ತಾತ ಉಂಡೆ ತೂಗಿ ನೋಡಿದರೆ ಒಂದಕ್ಕೊಂದು ಗ್ರಾಂ ಒಂದೂವರೆ ಗ್ರಾಂ ವ್ಯತ್ಯಾಸ. ಆದರೆ ಐದಕ್ಕೊಂದು ಉಂಡೆ ಎಣ್ಣೆಯಲ್ಲಿ ಅದ್ದಿ ನೇರ ಅವರ ಬಾಯಿಗೆ. ಹಪ್ಪಳದ ಹಸಿ ಹಿಟ್ಟಿನ ರುಚಿ ಗೊತ್ತಿರುವವರು ಯಾರೂ ಬೈಯಲಾರರು. ಹಿಟ್ಟಿಗೆ ಮಂಗರವಳ್ಳಿ ರಸ ಹಾಕುವವರು ಗಮನಿಸಿ, ಹಸಿ ಬಳ್ಳಿ ತುರಿಸುತ್ತದೆ, ಮುದಿ ಚರ್ಮಕ್ಕೆ ಇನ್ನೂ ಜಾಸ್ತಿ. ಬಳ್ಳಿ ಜಜ್ಜುವುದು ಸಿಬ್ಬಂದಿಯೇ ಆಗಬೇಕು, ಕೈಗೆ ಎಣ್ಣೆ ಹಚ್ಚಿಕೊಂಡು.

ಮಿಡಿ ಉಪ್ಪಿನಕಾಯಿ ಮಾತ್ರ ಸಾಗರದ ಕಡೆಯ ಒಬ್ಬ ಅಮ್ಮನವರ ಸಾಮ್ರಾಜ್ಯ. ಅಪ್ಪೆಮಿಡಿ ರಿಪ್ಪನ್‌ಪೇಟೆಯಿಂದ ಅವರ ತಂಗಿಯ ಮಗ ಬಸ್ಸಿಗೆ ಹಾಕಿ ಕಳಿಸುತ್ತಾನೆ, ನೂರಕ್ಕೆ ಮುನ್ನೂರರ ಹತ್ತಿರ ಬಿದ್ದ ನೆನಪು. ತೊಟ್ಟು ಮುರಿದು ಸೊನೆ ಹೋದ ಕಾಯಿಯನ್ನೆಲ್ಲ ಅವರು ಆರಿಸಿ ಎಸೆಯುತ್ತಾರೆ, ನಮಗೆ ಹೊಟ್ಟೆ ಉರಿ. ಕಲ್ಲುಪ್ಪಿನಲ್ಲಿ ಹಾಕಿ ದಿನಾ ಮಗುಚಿ, ಮಿಡಿ ಮುರುಟುವ ತನಕ ಎರಡು ವಾರ ಜಾಡಿಗೆ ಕಾವಲು. ಬ್ಯಾಡಗಿ, ಸಾಸಿವೆ, ಅರಿಸಿನ, ಕುದಿಸಿ ಆರಿಸಿದ ಉಪ್ಪುನೀರು ಎಲ್ಲರಿಗೂ ಗೊತ್ತಿದ್ದದ್ದೇ. ಇನ್ನೊಂದು ಪದಾರ್ಥ ಹಾಕುತ್ತಾರೆ. ಬರೆಯಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ, ಮೇಲಾಗಿ ನಮ್ಮ ಉಪ್ಪಿನಕಾಯಿಗೆ ಗಿರಾಕಿ ಇರುವುದೇ ಅದರಿಂದ.

ನಡುವೆ ಬೇರೆ ಪ್ರಯೋಗಗಳೂ ಆದವು. ಗ್ರೋ ಬ್ಯಾಗಿನಲ್ಲಿ ಹರಿವೆ ಬಿತ್ತಿದೆವು, ಪಾರಿವಾಳ ಮೊಳಕೆ ಬಿಡಲಿಲ್ಲ. ಮೈಸೂರು ಮಲ್ಲಿಗೆ ತಂದು ಕಟ್ಟಿಸಿದೆ. ಎರಡು ದಿನ ಚೆನ್ನಾಗಿತ್ತು, ಆಮೇಲೆ ಯಾರ ಮಾರು ಉದ್ದ ಎಂದು ಜಗಳ. ಆದರೆ ಬೇವಿನ ಹೂವು ಗೆದ್ದಿತು. ಮಾರ್ಚ್ ಕೊನೆಗೆ ಕಾಂಪೌಂಡಿನ ಬೇವಿನ ಮರದಡಿ ರಾತ್ರಿ ಪಂಚೆ ಹಾಸಿಟ್ಟು, ಬೆಳಿಗ್ಗೆ ಹೂವು ಜರಡಿ ಹಿಡಿದು ಒಣಗಿಸಿ ತಂಬುಳಿಗೆ ಡಬ್ಬ ತುಂಬಿಸುವುದು. ವಾಕಿಂಗ್ ಅಂದರೆ ಮಂಡಿ ನೋವು ಅನ್ನುತ್ತಿದ್ದವರು "ಹೂ ಬಿದ್ದಿದೆಯೇನೋ ನೋಡೋಣ" ಎಂದು ವಾಕರ್ ಹಿಡಿದು ತಾವೇ ಹೊರಡುತ್ತಾರೆ, ಹೋಗಿ ಬರಲು ಇನ್ನೂರು ಹೆಜ್ಜೆಗೆ ಮೋಸವಿಲ್ಲ. ಫಿಸಿಯೋ ಹುಡುಗ ಇದನ್ನು ತನ್ನ ರಿಪೋರ್ಟಿನಲ್ಲಿ ತನ್ನ ಸಾಧನೆ ಎಂದು ಬರೆದುಕೊಂಡಿದ್ದಾನೆ, ಬರೆದುಕೊಳ್ಳಲಿ.

ದುಡ್ಡಿನ ವಿಷಯ. ಸಂತೆಪೇಟೆಯಿಂದ ಅಕ್ಕಿ ಇಪ್ಪತ್ತು ಕೆಜಿ, ಸಬ್ಬಕ್ಕಿ ಐದು, ಉದ್ದು ಎಂಟು, ಜೊತೆಗೆ ಮೆಣಸಿನಕಾಯಿ, ಸಾವಿರದೈನೂರು ಮಿಡಿ, ಗ್ಯಾಸು ಎಲ್ಲ ಸೇರಿ ಹತ್ತೂವರೆ ಹನ್ನೊಂದು ಸಾವಿರ. ಮಂಚ, ಬಲೆ ಆರು ಸಾವಿರ. ಅಡುಗೆಮನೆ ಕೊಂಡದ್ದು, ನೋಡಲು ಬಂದ ಮಕ್ಕಳು ಮೊಮ್ಮಕ್ಕಳು ಒಯ್ದದ್ದು ಕೂಡಿ ಇಪ್ಪತ್ತೊಂದರ ಮೇಲೆ. ಆಹಾರ ಸುರಕ್ಷತಾ ನೋಂದಣಿ ಮಾಡಿಸಿಕೊಳ್ಳಿ, ನಾವು ಮಾಡಿಸಿದಾಗ ವರ್ಷಕ್ಕೆ ನೂರು ರೂಪಾಯಿ. ಉಳಿದದ್ದು ನಾಲ್ಕು ಸಾವಿರದ ಚಿಲ್ಲರೆ. ಟ್ರಸ್ಟಿನವರು ಅದನ್ನು ಟೀವಿ ರಿಪೇರಿಗೆ ಹಾಕೋಣ ಎಂದರು. ಬ್ಯಾಂಕ್ ತಾತ ಪುಸ್ತಕ ಮುಚ್ಚಿ, "ಇದು ನಿಮ್ಮ ದುಡ್ಡಲ್ಲ ಸ್ವಾಮೀ, ಕೆಲಸ ಮಾಡಿದವರದ್ದು" ಎಂದುಬಿಟ್ಟರು. ಸಭೆ ಕೂತು, ಎರಡು ದಿನ ಕಿತ್ತಾಡಿ, ಕೊನೆಗೆ ಟಿಲ್ಟಿಂಗ್ ಗ್ರೈಂಡರಿಗೆ ಮುಂಗಡ ಕೊಟ್ಟರು.

ಕೂಗಾಡಿದ ಮಗ ಡಿಸೆಂಬರಿನಲ್ಲಿ ಬಂದಿದ್ದರು. ಪದ್ಧತಿಯನ್ನು ಅವರು ಇವತ್ತಿಗೂ ಒಪ್ಪಿಲ್ಲ. ಹೋಗುವಾಗ ಎರಡು ಕೆಜಿ ಸಂಡಿಗೆ, ಒಂದು ಕೆಜಿ ಮಿಡಿ ತೂಗಿಸಿಕೊಂಡರು. ಅವರಮ್ಮ ಪಕ್ಕದಲ್ಲೇ ನಿಂತು ಪೂರ್ತಿ ರೇಟು ಹಾಕಿಸಿದರು.